ಗೋಡೆಯ ಮೇಲಿನ ಬಿಂದಿಗೆ, ಭಾನುವಾರದ ವರದಿ

ನಮ್ಮ ನಲ್ಲಿ ನೀರು ಬಿಡುವ ಮೊದಲು ಒಂದು ನಿಟ್ಟುಸಿರು ಬಿಡುತ್ತಿತ್ತು. ಸುಸ್ಸ್ ಎಂದು ಶುರುವಾಗಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ ಗೊರಗೊರ ಎಂದು, ಒಂದೆರಡು ಸಲ ಕೆಮ್ಮಿ, ಆಮೇಲೆ ಕೆಳಗೆ ಬೋರಲು ಹಾಕಿದ್ದ ಸ್ಟೀಲ್ ತಟ್ಟೆಯ ಬೆನ್ನ ಮೇಲೆ ಮೊದಲ ಹನಿಯನ್ನು ಟಣ್ ಎಂದು ಬೀಳಿಸುತ್ತಿತ್ತು. ನನ್ನ ವಯಸ್ಸಿನವರನ್ನು ಎಂಬತ್ತರ ದಶಕದ ಸದ್ದು ಯಾವುದು ಎಂದು ಕೇಳಿದರೆ ಕೆಲವರು ರೇಡಿಯೋ ಎನ್ನುತ್ತಾರೆ, ಕೆಲವರು ಬೆಳಗಿನ ಹಾಲಿನ ಬಾಟಲಿಗಳ ಕಿಣಿಕಿಣಿ ಎನ್ನುತ್ತಾರೆ. ಕಾನ್ವೆಂಟಿನಲ್ಲಿ ಓದಿ, ಒಂದು ಟರ್ಮ್ ಪಿಯಾನೋ ಕ್ಲಾಸಿಗೂ ಹೋಗಿ ಬಂದ ನಾನು ಇನ್ನೂ ಸೊಗಸಾದದ್ದೇನನ್ನಾದರೂ ಹೇಳಬೇಕಿತ್ತು. ಆದರೆ ನನ್ನ ಕಿವಿಯಲ್ಲಿ ಉಳಿದಿರುವುದು ವಿಜಯನಗರದ ಬಾಡಿಗೆ ಮನೆಯ ಹಿತ್ತಿಲಿನ ಆ ನಲ್ಲಿಯ ಕೆಮ್ಮು. ಈಗಲೂ ಯಾರಾದರೂ ಗಂಟಲು ಸರಿಮಾಡಿಕೊಂಡರೆ ನನ್ನ ಕೈ ತಾನಾಗಿ ಬಕೆಟ್ಟು ಹುಡುಕುತ್ತದೆ.

ಇದೆಲ್ಲ ನೆನಪಾಗಲು ಕಾರಣ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಮೇಘನಾ. ಬಸವೇಶ್ವರನಗರದ ಈ ಕಟ್ಟಡದಲ್ಲಿ ನಾನು ಮೂರನೇ ಮಹಡಿ, ಅವಳು ಎರಡನೆಯದು. ಮಗಳ ವಯಸ್ಸಿನವಳು. ಲಿಫ್ಟಿನಲ್ಲಿ ಸಿಕ್ಕರೆ ನನ್ನ ಮೊಣಕಾಲನ್ನು ನನಗಿಂತ ಮೊದಲು ವಿಚಾರಿಸಿಕೊಳ್ಳುತ್ತಾಳೆ. ಮೊನ್ನೆ ಬಾಗಿಲು ತಟ್ಟಿದಳು. "ಆಂಟಿ, ಗ್ರೂಪಲ್ಲಿ ಪೋಲ್ ಹಾಕಿದೀನಿ, ನೋಡಿದ್ರಾ?" ಎಂದಳು. ನೋಡಿರಲಿಲ್ಲ. ನಮ್ಮ ಗ್ರೂಪಿನಲ್ಲಿ ಬೆಳಗಾಗುವಷ್ಟರಲ್ಲಿ ಗುಲಾಬಿ ಹೂಗಳ ರಾಶಿ ಬಿದ್ದಿರುತ್ತದೆ, ಅದರಡಿಯಲ್ಲಿ ಕೆಲಸದ ಮಾತು ಎಲ್ಲಿದೆಯೋ ದೇವರೇ ಬಲ್ಲ. ವಿಷಯ ಇಷ್ಟು: ಕಟ್ಟಡದ ಟ್ಯಾಂಕಿನಲ್ಲಿ ನೀರು ಎಷ್ಟಿದೆ, ಎಷ್ಟು ಖರ್ಚಾಗಿದೆ ಎಂಬುದನ್ನೆಲ್ಲ ಅಳೆಯುವ ಯಂತ್ರ ಬಂದಿದೆಯಂತೆ. ಆ ಲೆಕ್ಕ ನಮಗೆ ಪ್ರತಿ ಭಾನುವಾರ ಒಂದು ರಿಪೋರ್ಟಾಗಿ ಬರಬೇಕೋ, ಇಲ್ಲ ಲೈವ್ ಡ್ಯಾಶ್‌ಬೋರ್ಡ್ ಬೇಕೋ?

"ಡ್ಯಾಶ್‌ಬೋರ್ಡ್ ಅಂದ್ರೆ ಕಾರಿನಲ್ಲಿ ಗಣಪತಿ ಕೂರಿಸೋ ಜಾಗ ಅಲ್ವೇನಮ್ಮ?"

"ಅಯ್ಯೋ ಆಂಟಿ! ಫೋನಲ್ಲೇ ಕಾಣತ್ತೆ. ಈ ಸೆಕೆಂಡು ಟ್ಯಾಂಕಲ್ಲಿ ಎಷ್ಟಿದೆ ಅಂತ ಈ ಸೆಕೆಂಡೇ ಗೊತ್ತಾಗತ್ತೆ. ಎರಡೂ ಕಡೆ ಸಮ ಸಮ ಓಟು ಬಿದ್ದಿದೆ. ನಿಮ್ಮೊಬ್ರದೇ ಬಾಕಿ."

ಯೋಚನೆ ಮಾಡಿ ಹೇಳುತ್ತೇನೆ ಎಂದೆ. "ಇದ್ರಲ್ಲಿ ಯೋಚ್ನೆ ಮಾಡೋಕೆ ಏನಿದೆ ಆಂಟಿ?" ಎಂದು ನಕ್ಕಳು. ಸುಮ್ಮನೆ ನೋಡಿ ಎಂದು ಆ ಲೈವ್ ಚಿತ್ರವನ್ನು ನನ್ನ ಫೋನಿಗೂ ಹಾಕಿಕೊಟ್ಟು ಹೋದಳು. ಪಾಪ, ಅವಳಿಗೇನು ಗೊತ್ತು. ಇದೇ ಪ್ರಶ್ನೆಯ ಮೇಲೆ ನನ್ನ ಅತ್ತೆ ಮಾವ ಒಂದು ಸಂಸಾರದ ಉದ್ದಕ್ಕೂ ವಾದ ಮಾಡಿದ್ದಾರೆ.

ಅತ್ತೆ ಜಯಮ್ಮನವರದು ಲೈವ್ ಪಕ್ಷ. ನಾನು ಮದುವೆಯಾಗಿ ಆ ಮನೆಗೆ ಬಂದ ಕಾಲಕ್ಕೆ ನೀರು ದಿನ ಬಿಟ್ಟು ದಿನ ಬರುತ್ತದೆ ಎಂಬುದು ಹೇಳಿಕೆ. ಯಾವ ಹೊತ್ತಿಗೆ ಎಂಬುದನ್ನು ಯಾರೂ ಹೇಳುತ್ತಿರಲಿಲ್ಲ. ಬೀದಿಯ ಕೊನೆಯಲ್ಲಿ ಕಬ್ಬಿಣದ ಕೋಲು ಹಿಡಿದು ನೀರು ಬಿಡಲು ಬರುತ್ತಿದ್ದವನನ್ನು ನಾನು ಒಮ್ಮೆ ನಿಲ್ಲಿಸಿ, ಕಾನ್ವೆಂಟಿನ ವಿನಯವನ್ನೆಲ್ಲ ಒಟ್ಟುಗೂಡಿಸಿ, ಟೈಮಿಂಗ್ಸ್ ಏನಪ್ಪ ಎಂದು ಕೇಳಿದ್ದೆ. "ನಂಗೇನ್ ಗೊತ್ತಮ್ಮ, ಮೇಲಿಂದ ಬಿಟ್ರೆ ಬರತ್ತೆ" ಎಂದು ಆಕಾಶ ನೋಡಿದ. ಅವನು ಮೇಲಧಿಕಾರಿಗಳನ್ನು ಹೇಳಿದನೋ ದೇವರನ್ನೋ ಎಂದು ನಾನು ಎರಡನೆಯ ಸಲ ಕೇಳಲಿಲ್ಲ.

ಅತ್ತೆ ಯಾರನ್ನೂ ಕೇಳುತ್ತಿರಲಿಲ್ಲ. ಬೆಳಗ್ಗೆ ಎದ್ದು ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು, ಕೆಳಗೆ ತಟ್ಟೆ ಬೋರಲು ಹಾಕಿಬಿಟ್ಟರೆ ಅವರ ಕಿವಿ ಅಲ್ಲೇ ಡ್ಯೂಟಿಗೆ ಕೂರುತ್ತಿತ್ತು. ಸಾರಿಗೆ ಒಗ್ಗರಣೆ ಹಾಕುವಾಗ, ಹೂವು ಕಟ್ಟುವಾಗ, ಪೂಜೆಯಲ್ಲಿ ಗಂಟೆ ಬಾರಿಸುತ್ತಿರುವಾಗಲೂ ಇದ್ದಕ್ಕಿದ್ದಂತೆ ಬಲಗೈಯ ತೋರುಬೆರಳು ಮೇಲೇಳುತ್ತಿತ್ತು. ಬೆರಳು ಎದ್ದಿತೆಂದರೆ ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಒಮ್ಮೆ ನಮ್ಮನ್ನು ನೋಡಲು ಬಂದಿದ್ದ ನನ್ನ ಅಪ್ಪ ನನ್ನ ಮದುವೆಯ ಖರ್ಚಿನ ದೊಡ್ಡ ಕಥೆ ಹೇಳುತ್ತಿದ್ದಾಗ ಬೆರಳು ಎದ್ದು, ಅಪ್ಪ ಬಾಯಿ ತೆರೆದ ಹಾಗೇ ಕುಳಿತಿದ್ದರು. ಬಂದದ್ದು ನೀರಲ್ಲ, ಎದುರು ಮನೆಯ ಕುಕ್ಕರು. ಅಪ್ಪನಿಗೆ ಆಮೇಲೆ ಕಥೆಯ ಎಳೆ ಸಿಗಲಿಲ್ಲ.

ನಮ್ಮದು ಬೀದಿಯ ಮೊದಲ ಮನೆ. ಕೊಳಾಯಿಗೆ ನೀರು ಬಂದರೆ ಮೊದಲು ನಮಗೆ, ಸ್ವಲ್ಪ ಹೊತ್ತಿನ ನಂತರ ಉಳಿದವರಿಗೆ. ಆದ್ದರಿಂದ ಅತ್ತೆ ಊರಿಗೆ ಉಪಕಾರವಾಗಲೆಂದು ಒಂದು ವ್ಯವಸ್ಥೆ ಮಾಡಿದ್ದರು. ಯಾವ ಕಳ್ಳನಿಗೂ ಬೇಡವಾಗುವಷ್ಟು ಸೊಟ್ಟಗಾಗಿದ್ದ ಒಂದು ಅಲ್ಯುಮಿನಿಯಂ ಬಿಂದಿಗೆ ಕಾಂಪೌಂಡಿನ ಗೋಡೆಯ ಮೇಲೆ ಸದಾ ಇರುತ್ತಿತ್ತು. ಬೋರಲಾಗಿದ್ದರೆ ನೀರು ಬಂದಿಲ್ಲ. ನೆಟ್ಟಗೆ ಕೂತಿದ್ದರೆ ಬಂದಿದೆ. ಬೀದಿಯ ಹೆಂಗಸರೆಲ್ಲ ತಂತಮ್ಮ ಕಿಟಕಿಯಿಂದಲೇ ಅದನ್ನು ನೋಡಿಕೊಂಡು ಸಾರಿಗಿಡುತ್ತಿದ್ದರು, ಬಟ್ಟೆ ನೆನೆಸುತ್ತಿದ್ದರು, ಗಂಡಂದಿರನ್ನು ಸ್ನಾನಕ್ಕೆ ಅಟ್ಟುತ್ತಿದ್ದರು. ಅವರಾರೂ ತಮ್ಮ ನಲ್ಲಿ ತಿರುಗಿಸಿ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಪಕ್ಕದ ಮನೆಯ ಗಿರಿಜಕ್ಕ ಹುಬ್ಬಳ್ಳಿ ಕಡೆಯವರು. "ನಮ್ಮನಿ ಗಡಿಯಾರ ಒಮ್ಮಿ ನಿಂತೀತ್ರೀ, ನಿಮ್ ಅತ್ತಿಯವ್ರ ಕೊಡ ಸುಳ್ಳು ಹೇಳಂಗಿಲ್ಲ ನೋಡ್ರೀ" ಎಂದು ನನಗೆ ಹೇಳಿದ್ದರು. ಡ್ಯಾಶ್‌ಬೋರ್ಡ್ ಎಂದರೆ ಇನ್ನೇನಿರುತ್ತದೆ, ನೀವೇ ಹೇಳಿ.

ಮಾವನವರದು ರಿಪೋರ್ಟಿನ ಪಕ್ಷ. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಅಂಕಿಅಂಶ ಕಲೆಹಾಕುವ ಕೆಲಸ ಮಾಡಿ ರಿಟೈರ್ ಆಗಿದ್ದರು. ರಾಗಿ ಎಷ್ಟು ಬೆಳೆಯಿತು, ಕುರಿ ಎಷ್ಟಿವೆ ಎಂದು ಜೀವನವಿಡೀ ಎಣಿಸಿದ ಮನುಷ್ಯನಿಗೆ ಎಣಿಸಲು ಏನೂ ಇಲ್ಲದೆ ಮನೆಯಲ್ಲಿ ಕೂರುವುದು ಕಷ್ಟವಾಗಿ, ನೀರಿನ ಕಡೆ ತಿರುಗಿದರು. ಪ್ರತಿ ಭಾನುವಾರ ದೋಸೆಯಾದ ಮೇಲೆ, ಎರಡನೆಯ ಕಾಫಿಗೆ ಮೊದಲು, ವಾರದ ವರದಿ. ಕನ್ನಡಕ ಹಾಕಿಕೊಂಡು, ಹಾಳೆಯನ್ನು ಕೈಯಳತೆಯಲ್ಲಿ ಹಿಡಿದು ಓದುವರು. ಈ ವಾರ ನೀರಿನ ಆಗಮನ, ಕಳೆದ ವಾರದೊಂದಿಗೆ ತುಲನೆ, ವಿಳಂಬಕ್ಕೆ ಸಂಭವನೀಯ ಕಾರಣಗಳು, ಮುಂದಿನ ವಾರದ ನಿರೀಕ್ಷೆ. ಕೆಂಪು ಪೆನ್ಸಿಲಿನಲ್ಲಿ ಬರೆದ ಗ್ರಾಫ್ ಬೇರೆ. ಅತ್ತೆ ಕಾವಲಿ ಉಜ್ಜುತ್ತ ಕೇಳಿಸಿಕೊಳ್ಳುತ್ತಿದ್ದರು.

"ಮಂಗಳವಾರ ನೀರು ನಿರೀಕ್ಷೆಗಿಂತ ತಡವಾಗಿ ಬಂದಿರುತ್ತದೆ" ಎಂದು ಮಾವ ಓದುವರು.

"ಗೊತ್ತು ಕಣ್ರೀ, ಹಿಡಿದಿದ್ದು ನಾನೇ."

"ಗೊತ್ತಿರೋದು ಬೇರೆ, ಅರ್ಥವಾಗೋದು ಬೇರೆ, ಜಯಾ. ನಿಂಗೆ ಈಗಿನ ಹನಿ ಮಾತ್ರ ಕಾಣತ್ತೆ. ನಂಗೆ ಇಡೀ ವರ್ಷ ಕಾಣತ್ತೆ."

"ಆ ಕಾಗದ ಹಂಡೆ ಒಲೆಗೆ ಹಾಕಿ. ನಿಮ್ಮ ವರ್ಷದಿಂದ ನಂಗೊಂದು ಚೊಂಬು ನೀರಾದ್ರೂ ಕಾಯ್ಲಿ."

ನಾನು ಯಾರ ಕಡೆ? ಓದಿದ ಸೊಸೆ ಎಂಬ ಕಾರಣಕ್ಕೆ ಮಾವ ನನ್ನತ್ತ ನೋಡಿ ಓದುತ್ತಿದ್ದರು, ನಾನು "ವೆರಿ ಇಂಟರೆಸ್ಟಿಂಗ್" ಎನ್ನುತ್ತಿದ್ದೆ. ಸ್ನಾನ ಮಾತ್ರ ಅತ್ತೆ ಹಿಡಿದ ನೀರಿನಲ್ಲಿ ಮಾಡುತ್ತಿದ್ದೆ. ನಿಜಕ್ಕೂ ನನ್ನ ಮನಸ್ಸು ವರದಿಯ ಕಡೆಗೇ ವಾಲುತ್ತಿತ್ತು, ಅದಕ್ಕೆ ಕಾನ್ವೆಂಟೇ ಕಾರಣ. ಅಲ್ಲಿ ನಮಗೆ ಎರಡೂ ಇತ್ತು. ಪ್ರೋಗ್ರೆಸ್ ಕಾರ್ಡು ಟರ್ಮಿಗೊಂದು ಸಲ ಮನೆಗೆ ಹೋಗುವುದು. ಅಷ್ಟರಲ್ಲಿ ಮಾಡಿದ ತಪ್ಪು ಹಳೆಯದಾಗಿ, ಅಪ್ಪನಿಗೆ ಬಯ್ಯಲು ಹುಮ್ಮಸ್ಸೇ ಇರುತ್ತಿರಲಿಲ್ಲ. ಇನ್ನೊಂದು, ತರಗತಿಯ ಬಾಗಿಲಿನಲ್ಲಿದ್ದ ಗಾಜಿನ ಚೌಕ. ಅದರಾಚೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಅವರ ಬಿಳಿ ತಲೆವಸ್ತ್ರ ಯಾವ ಕ್ಷಣದಲ್ಲಾದರೂ ಮೂಡಬಹುದಿತ್ತು. ಕಾರ್ಡಿನ ಭಯ ಒಂದು ಸಂಜೆಯದು, ಆ ಗಾಜಿನ ಭಯ ದಿನವಿಡೀ. ಇಂಗ್ಲಿಷ್ ಗ್ರಾಮರ್ ಮರೆತಿದ್ದೇನೆ, ಆದರೆ ಗಾಜಿನ ಬಾಗಿಲಿಗೆ ಬೆನ್ನು ಹಾಕಿ ಕೂರಲು ಈಗಲೂ ಆಗುವುದಿಲ್ಲ.

ಹೀಗೆ ನಗುನಗುತ್ತ ನಡೆದುಕೊಂಡು ಹೋಗುತ್ತಿತ್ತು, ಅತ್ತೆಯ ಅಕ್ಕ ಜಾರಿ ಬೀಳದೆ ಇದ್ದಿದ್ದರೆ.

ಅಕ್ಕ ನಂಜಮ್ಮನವರು ಇದ್ದದ್ದು ಕೆಂಗೇರಿಯಲ್ಲಿ. ಆಗ ಕೆಂಗೇರಿ ಎಂದರೆ ಬೇರೆಯೇ ಊರು. ಬಸ್ಸು ಹತ್ತಿದರೆ ದೂರವೇನಲ್ಲ, ಆದರೆ ಹೋಗಿ ಬರುವುದೆಂದರೆ ಒಂದು ಹಗಲು. ಬಿದ್ದು ಸೊಂಟ ನೋಯಿಸಿಕೊಂಡ ಮೇಲೆ ಅವರು ಬಾಗಿಲು ದಾಟುತ್ತಿರಲಿಲ್ಲ. ಇವರೇ ಹೋಗಬೇಕು. ಅತ್ತೆ ಪ್ರತಿ ವಾರ ಹೊರಡುತ್ತಿದ್ದರು, ಅಂದರೆ ಮಾತಿನಲ್ಲಿ. ಅಕ್ಕನಿಗೆಂದು ಕೋಡುಬಳೆ ಮಾಡಿ ಡಬ್ಬಿಗೆ ತುಂಬಿ, ಒಳ್ಳೆಯ ಸೀರೆ ಮಡಿಸಿಟ್ಟು, ಬೆಳಗಾದರೆ ನಲ್ಲಿಯ ಕಡೆ ನೋಡಿ, "ಇವತ್ತು ಬಂದ್ಬಿಟ್ರೆ?" ಎನ್ನುವರು. ನೀರು ಬಾರದ ದಿನ ಬಂದೀತೆಂದು ಹೋಗುತ್ತಿರಲಿಲ್ಲ, ಬಂದ ದಿನ ಹಿಡಿಯಬೇಕೆಂದು ಹೋಗುತ್ತಿರಲಿಲ್ಲ. ಕೋಡುಬಳೆಯನ್ನು ಕೊನೆಗೆ ನಾವೇ ತಿನ್ನುತ್ತಿದ್ದೆವು. ನಾನು ಆರ್‌ಪಿಸಿ ಲೇಔಟಿನ ಇಂಗ್ಲಿಷ್ ಸ್ಕೂಲೊಂದರಲ್ಲಿ ಟೀಚರ್, ನಮ್ಮವರಿಗೆ ಶಿಫ್ಟಿನ ಕೆಲಸ. ನಾನು ಹಿಡಿಯುತ್ತೇನೆ, ನೀವು ಹೋಗಿ ಬನ್ನಿ ಎಂದು ಒಂದು ರಜೆಯ ದಿನ ಹೇಳಿದೆ. ಅತ್ತೆ ನನ್ನ ಕೈಯನ್ನು ತೆಗೆದುಕೊಂಡು, ಸೀಮೆಸುಣ್ಣ ಹಿಡಿಯುವ ಬೆರಳುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ವಾಪಸ್ಸು ಕೊಟ್ಟರು.

ಆಮೇಲೊಂದು ದಿನ ಅಕ್ಕನ ಮಗ ಶಿವಣ್ಣ ಯಾವುದೋ ಕೆಲಸಕ್ಕೆಂದು ವಿಜಯನಗರಕ್ಕೆ ಬಂದವನು ಮನೆಗೂ ಬಂದ. ಕಾಫಿ ಕುಡಿದು ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ.

"ಚಿಕ್ಕಮ್ಮ, ಅಮ್ಮ ಒಂದ್ ಮಾತು ಕೇಳ್ಕೊಂಡ್ ಬಾ ಅಂದ್ರು. ಬೇಜಾರ್ ಮಾಡ್ಕೋಬೇಡಿ."

"ಹೇಳಪ್ಪ."

"ನಿಮ್ ಚಿಕ್ಕಮ್ಮಂಗೆ ನೀರಿಂದೇ ಚಿಂತೆಯಂತಲ್ಲ. ಕೊನೇಗೆ ನನ್ ಬಾಯಿಗೆ ಬಿಡೋಕಾದ್ರೂ ಒಂದ್ ಲೋಟ ತಗೊಂಡ್ ಬರ್ತಾಳಾ ಕೇಳು, ಅಂದ್ರು."

ನಂಜಮ್ಮನವರ ನಾಲಿಗೆ ಅಂಥದ್ದು. ತಮಾಷೆಗೇ ಹೇಳಿದ್ದಿರಬೇಕು, ಶಿವಣ್ಣ ಕೂಡ ಪೆಚ್ಚಾಗಿ ನಕ್ಕ. ಅತ್ತೆ ನಗಲಿಲ್ಲ. ಅವನು ಹೋದ ಮೇಲೆ ಹಿತ್ತಿಲಿನ ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ನಲ್ಲಿ ನಿಟ್ಟುಸಿರು ಬಿಟ್ಟಿತು, ಕೆಮ್ಮಿತು, ತಟ್ಟೆ ಟಣ್ ಎಂದಿತು. ಬೆರಳು ಏಳಲಿಲ್ಲ. ಓಡಿ ಹೋಗಿ ಬಕೆಟ್ಟು ಇಟ್ಟವಳು ನಾನು.

ಅದನ್ನು ಒಳಗಿನಿಂದ ಮಾವ ನೋಡಿದ್ದರು. ಮಾರನೆಯ ಬೆಳಗ್ಗೆ, ಭಾನುವಾರವಲ್ಲದಿದ್ದರೂ, ಕನ್ನಡಕ ಹಾಕಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರು ಅಡಿಗೆಮನೆಯ ಬಾಗಿಲಿಗೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಜಯಾ, ಒಂದು ವಿಶೇಷ ವರದಿ ಇದೆ. ಗುರುವಾರ ಸಂಜೆ ನಾಲ್ಕಕ್ಕೆ ಮೊದಲು ನೀರು ಬರೋ ಸಂಭವ ಇಲ್ಲ. ನಾನು ಎಲ್ಲಾ ತೆಗೆದು ನೋಡಿದೀನಿ. ಬೆಳಗ್ಗೆ ಹೋಗಿ ಅಕ್ಕನ್ನ ನೋಡ್ಕೊಂಡು ನಾಲ್ಕಕ್ಕೆ ಬಂದ್ಬಿಡು."

"ಅಕಸ್ಮಾತ್ ಬಂದ್ರೆ?"

"ಬರಲ್ಲ."

"ಬಂದ್ರೆ ಅಂತ ಕೇಳಿದ್ದು."

ಮಾವ ಕನ್ನಡಕ ತೆಗೆದರು. "ಬಂದ್ರೆ ನಾನು ಹಿಡೀತೀನಿ."

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸರ್ಕಾರದ ಫೈಲು ಬಿಟ್ಟು ಬೇರೆ ಭಾರ ಎತ್ತದವರು. "ನೀವಾ?" ಎಂದರು. ಆದರೆ ಆ "ನೀವಾ"ದಲ್ಲಿ ಯಾವಾಗಲೂ ಇರುವ ಖಾರ ಇರಲಿಲ್ಲ.

ಗುರುವಾರ ನಾನು ರಜೆ ಹಾಕಿದೆ, ಕರೆದುಕೊಂಡು ಹೋಗಲು. ಹೊರಡುವ ಮುನ್ನ ಅತ್ತೆ ಕೊಟ್ಟ ಸೂಚನೆಗಳನ್ನು ಕೇಳಿದ್ದರೆ ಎಳೆಕೂಸನ್ನು ಬಿಟ್ಟು ಹೋಗುತ್ತಿದ್ದಾರೆ ಎಂದುಕೊಳ್ಳಬೇಕು. ಹಂಡೆ ಮೊದಲು, ಆಮೇಲೆ ತೊಟ್ಟಿ, ಆಮೇಲೆ ಕುಡಿಯುವ ನೀರು, ಅದಕ್ಕೆ ಬಟ್ಟೆ ಕಟ್ಟಿ ಸೋಸಬೇಕು. "ಮತ್ತೆ ಯಾವ ಕಾರಣಕ್ಕೂ ನಲ್ಲೀಗೆ ಕೈ ಹಚ್ಬೇಡಿ. ತೆಗೆದಿಟ್ಟಿದೀನಿ, ಹಾಗೇ ಇರ್ಲಿ. ನೀವು ತಿರುಗಿಸೋಕ್ ಹೋದ್ರೆ ಕೈಗೆ ಬಂದ್ಬಿಡತ್ತೆ ಅದು." ಮಾವ ಪ್ರತಿಯೊಂದಕ್ಕೂ ತಲೆಯಾಡಿಸಿದರು. ನಾಲ್ಕಕ್ಕೆ ಮೊದಲು ಬರದ ನೀರಿಗೆ ಇಷ್ಟೆಲ್ಲ ಯಾಕೆ ಎಂಬ ಸಣ್ಣ ನಗು ಮೀಸೆಯಡಿಯಲ್ಲಿತ್ತು. ಗೇಟು ದಾಟುವಾಗ ಅತ್ತೆ ಗೋಡೆಯ ಮೇಲಿನ ಬಿಂದಿಗೆ ಬೋರಲಾಗಿಯೇ ಇದೆಯೇ ಎಂದು ಒಮ್ಮೆ ಮುಟ್ಟಿ ನೋಡಿದರು.

ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತು, ಕೋಡುಬಳೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಮೈಸೂರು ರಸ್ತೆಯ ಉದ್ದಕ್ಕೂ ಹಿಂದಕ್ಕೇ ನೋಡುತ್ತಿದ್ದರು. ಕೆಂಗೇರಿಯಲ್ಲಿ ಇಳಿದು, ಓಣಿ ಹಿಡಿದು ಹೋದರೆ ನಂಜಮ್ಮನವರ ಹೆಂಚಿನ ಮನೆ. ಹಿಂದುಗಡೆ ಒಂದು ಸೇದುವ ಬಾವಿ, ಕೈ ಚಾಚಿದರೆ ಸಿಗುವಷ್ಟು ಮೇಲೆ ನೀರು. ಅತ್ತೆ ಅಕ್ಕನನ್ನು ನೋಡುವ ಮೊದಲೇ ಬಾವಿಯನ್ನು ನೋಡಿದರು, ಅದೂ ಸ್ವಲ್ಪ ಅಸೂಯೆಯಿಂದಲೇ.

"ಬಾವೀನ ಆಮೇಲ್ ಮಾತಾಡಿಸ್ವಂತೆ, ಇಲ್ ಬಾರೇ" ಎಂದು ಒಳಗಿನಿಂದ ನಂಜಮ್ಮನವರ ದನಿ ಬಂತು. ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ಬೆಳ್ಳಗೆ, ಸಣ್ಣಗೆ, ಮೂಗುತಿ ಮಾತ್ರ ದೊಡ್ಡದು. "ಏನು, ಇವತ್ತು ನಿಮ್ಮನೇಲಿ ಗಂಗಮ್ಮಂಗೆ ರಜಾನಾ?"

"ನಾಲ್ಕರತನಕ ಬರಲ್ಲ ಅಂದಿದಾರೆ ಅಕ್ಕ."

"ಯಾರು? ನಿನ್ ಗಂಡನಾ? ಅವನು ನಿನ್ ಮದ್ವೆ ದಿನ ಮುಹೂರ್ತಕ್ಕೇ ತಡವಾಗ್ ಬಂದೋನು ಕಣೇ!"

ಇಬ್ಬರೂ ನಗಲು ಶುರು ಮಾಡಿದರು. ಮೊದಲು ಅತ್ತೆ ನಕ್ಕದ್ದು ಮರ್ಯಾದೆಗೆ. ನಗುವಿನ ನಡುವೆಯೂ ಹೊರಗೆ ಬಿಂದಿಗೆಯ ಸದ್ದಾದಾಗ ಬೆರಳು ಎದ್ದಿತು. ನಂಜಮ್ಮನವರು ಪಟ್ಟನೆ ಆ ಬೆರಳನ್ನೇ ಹಿಡಿದುಕೊಂಡರು. "ಅದು ನಮ್ ಬಾವಿ ಕಣೇ, ಅದು ಎಲ್ಲೂ ಹೋಗಲ್ಲ" ಎಂದರು. ಬೆರಳನ್ನು ಬಿಡಲೂ ಇಲ್ಲ. ಚಿಕ್ಕಂದಿನಲ್ಲಿ ಹುಣಿಸೆಕಾಯಿ ಕದ್ದದ್ದು, ಸಿಕ್ಕಿಬಿದ್ದದ್ದು, ಒಬ್ಬರ ತಪ್ಪಿಗೆ ಇನ್ನೊಬ್ಬರು ಏಟು ತಿಂದದ್ದು, ಏಟು ಯಾರಿಗೆ ಬಿದ್ದಿತ್ತು ಎಂಬುದರ ಮೇಲೆ ಈಗ ಹೊಸ ಜಗಳ. ಊಟವಾದ ಮೇಲೆ ಚಾಪೆಯ ಮೇಲೆ ಒಂದೇ ದಿಂಬಿಗೆ ಎರಡು ತಲೆ ಇಟ್ಟು ಮಲಗಿದವರು ಹಾಗೇ ನಿದ್ದೆ ಹೋದರು. ಅತ್ತೆ ಹಗಲು ನಿದ್ದೆ ಮಾಡಿದ್ದನ್ನು ನಾನು ನೋಡಿದ್ದು ಅವತ್ತೇ. ಬಾಯಿ ಸ್ವಲ್ಪ ತೆರೆದಿತ್ತು, ಬೆರಳು ಇನ್ನೂ ಅಕ್ಕನ ಮುಷ್ಟಿಯಲ್ಲಿತ್ತು. ಬಸ್ಸಿನ ಹೊತ್ತಾಯಿತೆಂದು ಎಬ್ಬಿಸಲು ಎರಡು ಸಲ ಎದ್ದು, ಎರಡು ಸಲವೂ ಕೂತೆ.

ಹಾಗಾಗಿ ವಿಜಯನಗರ ಸೇರುವಷ್ಟರಲ್ಲಿ ನಾಲ್ಕು ದಾಟಿ ಹೋಗಿತ್ತು. ಬೀದಿಗೆ ತಿರುಗಿದ ಕೂಡಲೇ ಇಬ್ಬರೂ ನೋಡಿದ್ದು ಗೋಡೆಯನ್ನು. ಬಿಂದಿಗೆ ಬೋರಲಾಗಿಯೇ ಇತ್ತು. ಅತ್ತೆ ನಿಟ್ಟುಸಿರು ಬಿಟ್ಟರು, ಥೇಟ್ ನಮ್ಮ ನಲ್ಲಿಯ ಹಾಗೆ. ಗಿರಿಜಕ್ಕ ತಮ್ಮ ಮನೆಯ ಮೆಟ್ಟಿಲ ಮೇಲೆ ಖಾಲಿ ಕೊಡಗಳನ್ನು ಸುತ್ತ ಇಟ್ಟುಕೊಂಡು ಕೂತಿದ್ದರು. ಇನ್ನೂ ಒಂದಿಬ್ಬರು ಹೆಂಗಸರು ಗೇಟಿಗೆ ಒರಗಿ ನಿಂತಿದ್ದರು.

"ಬಂದ್ರೇನ್ರೀ ಅಕ್ಕಾರ? ಇವತ್ತ ನೀರ ಬರಲಿಲ್ಲ ನೋಡ್ರೀ. ಮುಂಜಾನಿಂದ ನಿಮ್ ಕೊಡಾನ ನೋಡಿಕೋತ ಕುಂತೇವಿ."

ಅತ್ತೆ ಮನೆಯ ಕಡೆ ತಿರುಗಿದರು. ಅವರ ಬೆರಳು ಎದ್ದಿತ್ತು.

ಆಗ ನನಗೂ ಕೇಳಿಸಿತು. ಹಿತ್ತಿಲಿನ ಕಡೆಯಿಂದ, ಭೋರ್ ಎಂದಲ್ಲ, ತುಂಬಿದ ಮೇಲೆ ಇನ್ನೂ ತುಂಬುತ್ತಿರುವ ನೀರಿನ ನೆಮ್ಮದಿಯ ಸದ್ದು.

ಒಳಗೆ ಹೋಗಿ ನೋಡಿದರೆ ಹಿತ್ತಿಲು ಕಲ್ಯಾಣಿಯಾಗಿತ್ತು. ನೀರು ನಲ್ಲಿಯಿಂದ ಬಂದು, ಅಂಗಳ ತುಂಬಿ, ಹಿಂದಿನ ಮೋರಿಗೆ ಹರಿಯುತ್ತಿತ್ತು. ಹಂಡೆ ತುಂಬಿತ್ತು, ತೊಟ್ಟಿ ತುಂಬಿತ್ತು, ಬಕೆಟ್ಟುಗಳು ತುಂಬಿದ್ದವು. ಅಷ್ಟಕ್ಕೇ ನಿಂತಿರಲಿಲ್ಲ. ಅಡಿಗೆಮನೆಯಲ್ಲಿ ಪಾತ್ರೆ, ಬೋಗುಣಿ, ಕುಕ್ಕರು, ಇಡ್ಲಿ ಕೊಪ್ಪರಿಗೆ, ಟಿಫನ್ ಕ್ಯಾರಿಯರಿನ ಒಂದೊಂದು ಡಬ್ಬಿ, ಲೋಟಗಳು, ದೇವರ ಪಂಚಪಾತ್ರೆ, ನನ್ನ ಅಪ್ಪ ಮದುವೆಗೆ ಕೊಟ್ಟ ಚೀನಾ ಟೀ ಸೆಟ್ಟಿನ ಕಪ್ಪುಗಳು, ಎಲ್ಲವೂ ನೀರು ತುಂಬಿಕೊಂಡು ಸಾಲಾಗಿ ನಿಂತಿದ್ದವು. ನಡುವೆ ಪಂಚೆ ಎತ್ತಿ ಕಟ್ಟಿ, ಕನ್ನಡಕದ ಮೇಲೆಲ್ಲ ಹನಿ, ಮಾವ. ಕೈಯಲ್ಲಿ ಒಂದು ಚಮಚ. ಅದಕ್ಕೂ ನೀರು ಹಿಡಿಯುವವರಿದ್ದರೋ ಏನೋ.

"ಮಧ್ಯಾಹ್ನಕ್ಕೇ ಬಂದ್ಬಿಡ್ತು ಜಯಾ" ಎಂದರು. ಏದುಸಿರು ಬಿಡುತ್ತಿದ್ದರು. "ಹಿಡಿದೆ. ಎಲ್ಲಾ ಹಿಡಿದೆ. ಇನ್ನು ಪಾತ್ರೆ ಇಲ್ಲ."

"ನಲ್ಲಿ ನಿಲ್ಲಿಸಬಾರದಿತ್ತಾ?"

"ನೀನೇ ಅಂದ್ಯಲ್ಲ, ಯಾವ ಕಾರಣಕ್ಕೂ ಕೈ ಹಚ್ಬೇಡಿ ಅಂತ."

ಅಷ್ಟರಲ್ಲಿ ಹಿಂದೆಯೇ ಬಂದಿದ್ದ ಗಿರಿಜಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಹಂಗಾದ್ರ ನೀರು ಬಂದಿತ್ತೇನ್ರೀ? ಕೊಡ ಡಬ್ಬ ಬಿದ್ದೈತಲ್ರೀ ಗ್ವಾಡಿ ಮ್ಯಾಲ!" ಎಂದರು. ಮಾವ ನಿಧಾನವಾಗಿ ಗೋಡೆಯ ಕಡೆ ತಿರುಗಿದರು. ಇಷ್ಟು ವರ್ಷ ಅದೇ ಮನೆಯಲ್ಲಿದ್ದು, ನೀರಿನ ಬಗ್ಗೆ ವಾರ ವಾರ ವರದಿ ಬರೆದು, ಆ ಬಿಂದಿಗೆ ಅಲ್ಲಿ ಯಾಕಿದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. "ಅದು ಒಣಗೋಕೆ ಇಟ್ಟಿರೋದಲ್ವಾ?" ಎಂದು ಮೆಲ್ಲಗೆ ಕೇಳಿದರು.

ಗಿರಿಜಕ್ಕ ಓಡಿ ಹೋಗಿ ಬೀದಿಗೆಲ್ಲ ಕೂಗಿ ಹೇಳಿ, ಹೆಂಗಸರೆಲ್ಲ ತಂತಮ್ಮ ನಲ್ಲಿ ತಿರುಗಿಸುವ ಹೊತ್ತಿಗೆ, ನಮ್ಮ ನಲ್ಲಿ ಗೊರಗೊರ ಎಂದು ಸುಮ್ಮನಾಯಿತು. ಬೀದಿಗೆ ಬೀದಿಯೇ ಬೋರಲು ಬಿಂದಿಗೆಯನ್ನು ನಂಬಿ, ತಮ್ಮ ಮನೆಯೊಳಗೇ ಬಂದಿದ್ದ ನೀರನ್ನು ಕಳೆದುಕೊಂಡಿತ್ತು. ಲೈವ್ ಎಂಬುದರ ಪಾಡು ಇಷ್ಟೇ. ಬಿಂದಿಗೆಯನ್ನು ತಿರುಗಿಸುವವರು ಅಕ್ಕನ ಪಕ್ಕದಲ್ಲಿ ಮಲಗಿದ್ದರೆ ಅದು ಬರೀ ಸೊಟ್ಟ ಬಿಂದಿಗೆ. ಇನ್ನು ವರದಿಯ ಪಾಡಂತೂ ಚಮಚ ಹಿಡಿದುಕೊಂಡು ಎದುರಿಗೇ ನಿಂತಿತ್ತು.

ನಾನು ಈಗ ಗುಡುಗುತ್ತದೆ ಎಂದು ಕಾದೆ. ಅತ್ತೆ ಒಂದೊಂದೇ ಪಾತ್ರೆಯ ಮುಂದೆ ನಡೆಯುತ್ತ ಹೋದರು. ಟೀ ಕಪ್ಪಿನ ಹತ್ತಿರ ನಿಂತರು. ಅದರ ಬಾಯಿಗೆ, ಕುಡಿಯುವ ನೀರಿನ ಕೊಡಕ್ಕೆ ಕಟ್ಟುವ ಹಾಗೆ, ಮಾವ ತಮ್ಮ ಕರವಸ್ತ್ರವನ್ನು ಕಟ್ಟಿದ್ದರು. ಅತ್ತೆಗೆ ಎಲ್ಲಿತ್ತೋ ನಗು, ಕೆಂಗೇರಿಯಿಂದಲೇ ಹೊತ್ತು ತಂದಿದ್ದರೋ ಏನೋ, ಅಲ್ಲೇ ಒದ್ದೆ ನೆಲದ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆ ಸಂಜೆ ಬೀದಿಯವರೆಲ್ಲ ಕೊಡ ಹಿಡಿದು ನಮ್ಮ ಮನೆಗೆ ಬಂದರು. ಮಾವ ಟಿಫನ್ ಡಬ್ಬಿಯಿಂದಲೂ ಕಪ್ಪಿನಿಂದಲೂ ಮೊಗೆಮೊಗೆದು, "ತಪ್ಪಾಯ್ತು ತಾಯಿ, ತಪ್ಪಾಯ್ತು" ಎನ್ನುತ್ತ ಎಲ್ಲರಿಗೂ ಹಂಚಿದರು. ಗಿರಿಜಕ್ಕ ಕೊನೆಯಲ್ಲಿ, "ಇರ್ಲಿ ಬಿಡ್ರೀ ಮಾವಾರ, ಚಮಚಾದಾಗಿಂದೂ ಹಾಕಿಬಿಡ್ರಲಾ" ಎಂದರು.

ಆ ಭಾನುವಾರ ವರದಿ ಇರುವುದಿಲ್ಲ ಎಂದುಕೊಂಡಿದ್ದೆ. ದೋಸೆಯಾದ ಮೇಲೆ ಮಾವ ಹಾಳೆ ತೆಗೆಯದೆ ಸುಮ್ಮನೆ ಕಾಫಿಗೆ ಕಾದರು. ಅತ್ತೆ ಕಾವಲಿ ಉಜ್ಜುವುದನ್ನು ನಿಲ್ಲಿಸಿ ಕೇಳಿದರು. "ಏನಂತೆ ಮುಂದಿನ ಗುರುವಾರ?"

"ನನ್ನ ವರದಿ ನಂಬ್ತೀಯಾ?"

"ನಂಬೋರ್ಯಾರು? ಹೊರಡೋಕೆ ಒಂದು ನೆಪ ಬೇಕಲ್ಲ."

ಅಲ್ಲಿಂದ ಆಚೆಗೆ ಅತ್ತೆ ಆಗಾಗ ಕೆಂಗೇರಿಗೆ ಹೋದರು. ಆ ದಿನಗಳಲ್ಲಿ ಮಾವ ಹಿತ್ತಿಲಿನಲ್ಲಿ ಕುರ್ಚಿ ಹಾಕಿಕೊಂಡು ತಟ್ಟೆಯ ಎದುರಿಗೇ ಕೂರುತ್ತಿದ್ದರು, ನೀರು ಬಂದ ಕೂಡಲೇ ಮೊದಲು ಓಡಿ ಹೋಗಿ ಬಿಂದಿಗೆ ನೆಟ್ಟಗೆ ಮಾಡುತ್ತಿದ್ದರು, ಆಮೇಲೆ ಹಂಡೆ. ಅವರ ವರದಿಗಳಲ್ಲಿ ಕೂಡ "ವರದಿಗಾರರು ಖುದ್ದು ಸ್ಥಳದಲ್ಲಿದ್ದರು" ಎಂಬ ಹೊಸ ಸಾಲು ಸೇರಿತು. ನಂಜಮ್ಮನವರು ಆ ವರ್ಷ ದಾಟಲಿಲ್ಲ. ಅವರು ಕೇಳಿದ್ದ ಆ ಒಂದು ಲೋಟ ನೀರನ್ನು ಬಿಡಲು ಅತ್ತೆ ಪಕ್ಕದಲ್ಲಿದ್ದರು. ನೀರು ನಮ್ಮ ನಲ್ಲಿಯದಲ್ಲ, ಅವರದೇ ಬಾವಿಯದು.

ಇರಲಿ, ಮೇಘನಾಳ ಓಟಿಗೆ ಬರುತ್ತೇನೆ. ಅವಳು ಹಾಕಿಕೊಟ್ಟ ಲೈವ್ ಚಿತ್ರವನ್ನು ನಾನು ಕೆಲವು ದಿನ ನೋಡಿದೆ. ಒಂದು ನೀಲಿ ಪಟ್ಟಿ, ಯಾರೋ ಸ್ನಾನ ಮಾಡಿದರೆ ಇಳಿಯುತ್ತದೆ, ಮೋಟರು ಹಾಕಿದರೆ ಏರುತ್ತದೆ. ಬೆಳಗ್ಗೆ ಎದ್ದ ಕೂಡಲೇ ನೀಲಿ ಪಟ್ಟಿ, ತಿಂಡಿ ತಿನ್ನುತ್ತ ನೀಲಿ ಪಟ್ಟಿ. ಒಂದು ದಿನ ಹಾಲು ಉಕ್ಕಿ ಸ್ಟೌ ಆರಿಹೋಯಿತು, ನಾನು ಟ್ಯಾಂಕು ನೋಡುತ್ತಿದ್ದೆ. ಗೆಳತಿಯೊಬ್ಬಳು ಫೋನ್ ಮಾಡಿದರೆ ಅವಳ ಹೆಸರು ನೀಲಿ ಪಟ್ಟಿಗೆ ಅಡ್ಡ ಬಂತೆಂದು ಸಿಟ್ಟು ಬಂತು. ಅವತ್ತೇ ಎರಡನೆಯ ಮಹಡಿಗೆ ಇಳಿದು ಹೋದೆ.

"ನನ್ನ ಓಟು ಭಾನುವಾರದ ರಿಪೋರ್ಟಿಗಮ್ಮ."

"ಯಾಕಾಂಟಿ? ಲೈವ್ ಚೆನ್ನಾಗಿಲ್ವಾ?"

"ಚೆನ್ನಾಗೇ ಇದೆ. ಆದ್ರೆ ಅದನ್ನ ನೋಡ್ತಾ ಮನೇಲೇ ಕೂತಿರಬೇಕು. ನಂಗೆ ಆಗಾಗ ಹೊರಗಡೆ ಹೋಗೋದಿರತ್ತೆ."

"ಹೌದಾ! ಎಲ್ಲಿಗೆ ಹೋಗ್ತೀರಾ ಆಂಟಿ?"

ಎಷ್ಟು ಸಾದಾ ಪ್ರಶ್ನೆ. ನನ್ನ ಹೊರಗಡೆಯೆಂದರೆ ತರಕಾರಿ ಗಾಡಿ, ಮೊಣಕಾಲಿನ ಡಾಕ್ಟರು. ಹೋಗಬೇಕಾದ ಮನೆಗಳ ಬಾಗಿಲು ಒಂದೊಂದಾಗಿ ಮುಚ್ಚಿವೆ. ಬಾಯಿಗೆ ಬಂದದ್ದು, "ಕೆಂಗೇರಿಗೆ" ಎಂದುಬಿಟ್ಟೆ. "ಓ, ಮೆಟ್ರೋನಲ್ಲಿ ಈಸಿ ಬಿಡಿ" ಎಂದಳು ಮೇಘನಾ.

ಈಸಿಯೇ ಇರಬೇಕು. ನಾನು ಕೊನೆಯ ಸಲ ನಂಜಮ್ಮನವರ ಮನೆಗೆ ಹೋದದ್ದು, ಆ ಗುರುವಾರದ ನಂತರ ಇನ್ನೊಮ್ಮೆ, ಅತ್ತೆಯ ಜೊತೆ, ಬಸ್ಸಿನಲ್ಲಿ. ಸಂಜೆ ಹೊರಟು ನಿಂತಾಗ ನಂಜಮ್ಮನವರು ಯಾರ ಮಾತನ್ನೂ ಕೇಳದೆ ಗೋಡೆ ಹಿಡಿದುಕೊಂಡು ಬಾಗಿಲತನಕ ಬಂದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಮೂಗುತಿಯ ಮೇಲೆ ಬಿಸಿಲಿತ್ತು. ಓಣಿಯ ಅರ್ಧಕ್ಕೆ ಬಂದಿದ್ದೆವು, ಹಿಂದಿನಿಂದ ಕೂಗಿ ಕೇಳಿದರು. "ಏ ಜಯಾ, ಈ ಹೊತ್ತಿಗೆ ನಿಮ್ಮನೇಲಿ ನೀರು ಬಂದಿರತ್ತೇನೇ?"

ಅತ್ತೆ ನಿಂತು, ಪೂರ್ತಿ ಹಿಂದಕ್ಕೆ ತಿರುಗಿದರು. "ಬಂದಿದ್ರೆ ಬಂದಿರತ್ತೆ ಬಿಡಕ್ಕ" ಎಂದು, ಅಕ್ಕನನ್ನೇ ನೋಡುತ್ತ ಅಲ್ಲೇ ನಿಂತುಬಿಟ್ಟರು. ಎಷ್ಟು ಹೊತ್ತು ನಿಂತಿದ್ದರು, ನಂಜಮ್ಮನವರು ಆಗ ಕೈ ಬೀಸಿದರೋ ನಕ್ಕರೋ, ನನಗೆ ಹೇಳಲು ಬರುವುದಿಲ್ಲ. ನಾನು ವಾಚು ನೋಡುತ್ತಿದ್ದೆ.